ಪೆಕಾನ್ ಬೀಜವೂ ಹೃದಯದ ಆರೋಗ್ಯವೂ

ಹೃದ್ರೋಗದ ಭಯವಿರುವವನಿಗೆ ವೈದ್ಯರು ಕೊಡುವ ಮೊದಲ ಸಲಹೆ, ಎಣ್ಣೆ ತುಪ್ಪಗಳನ್ನು ಕಡಮೆ ಮಾಡಬೇಕೆಂಬುದು. ಈ ಮಾತನ್ನು ಕೇಳದ ಮನೆಯೇ ಇಂದು ಇಲ್ಲವೆನ್ನಬಹುದು. ಹೀಗಿರುವಾಗ, 100 ಗ್ರಾಂ ತಿರುಳಿನಲ್ಲಿ 72 ಗ್ರಾಂ ಕೊಬ್ಬನ್ನೇ ತುಂಬಿಕೊಂಡಿರುವ ಒಂದು ಬೀಜವನ್ನು ಹೃದಯಕ್ಕೆ ಹಿತವಾದುದೆಂದು ಆಹಾರವಿಜ್ಞಾನಿಗಳು ಹೇಳಿದರೆ ಕೇಳಿದವನಿಗೆ ಆಶ್ಚರ್ಯವಾಗದಿರದು. ಆ ಬೀಜವೇ ಅಮೆರಿಕದ ಪೆಕಾನ್. ಕೊಬ್ಬು ಕೆಟ್ಟದೆಂದು ಒಂದು ಕಡೆ ಎಚ್ಚರಿಸಿ, ಕೊಬ್ಬಿನ ಮುದ್ದೆಯಂತಿರುವ ಬೀಜವನ್ನು ತಿನ್ನಿರೆಂದು ಮತ್ತೊಂದು ಕಡೆ ಹೇಳುವುದರಲ್ಲಿ ವಿರೋಧವಿದೆಯಲ್ಲವೆ? ಈ ವಿರೋಧವು ನಿಜವಾದುದೋ ತೋರಿಕೆಯದೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಹಾಗೆ ವಿಚಾರಿಸುವಾಗ, ‘ಇದು ಆರೋಗ್ಯಕ್ಕೆ ಒಳ್ಳೆಯದು’ ಎಂಬ ಮಾತನ್ನು ಯಾವ ಆಧಾರದ ಮೇಲೆ, ಎಷ್ಟರಮಟ್ಟಿಗೆ ನಂಬಬೇಕು ಎಂಬುದೂ ತಾನಾಗಿಯೇ ತಿಳಿದುಬರುವುದು.

ಮರದ ಪೂರ್ವವೃತ್ತಾಂತ

ಪೆಕಾನ್ ಮರವು ಅಕ್ರೋಟಿನ ವಂಶಕ್ಕೆ ಸೇರಿದುದು. ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರು ‘ಕ್ಯಾರಿಯ ಇಲ್ಲಿನೊಯಿನೆನ್ಸಿಸ್’. ಉತ್ತರ ಅಮೆರಿಕದ ಮಿಸಿಸಿಪಿ ನದಿ ಮತ್ತು ಅದರ ಉಪನದಿಗಳ ಬಯಲು, ಟೆಕ್ಸಾಸ್ ಪ್ರಾಂತ, ಮೆಕ್ಸಿಕೋ ದೇಶದ ಉತ್ತರಭಾಗ, ಇವೇ ಅದರ ತೌರು. 30 ಮೀಟರಿಗೂ ಮೀರಿ ಎತ್ತರವಾಗಿ ಬೆಳೆಯುವ ಈ ಮರವು ನೂರು ವರ್ಷ ಕಳೆದರೂ ಕಾಯಿ ಕೊಡುತ್ತಲೇ ಇರುತ್ತದೆ. ಕಲ್ಲಿನಿಂದ ಕುಟ್ಟಿ ಒಡೆಯಬೇಕಾದ ಕಾಯಿ ಎಂಬ ಅರ್ಥದ, ಅಲ್ಲಿನ ಮೂಲನಿವಾಸಿಗಳ ಅಲ್ಗಾಂಕಿಯನ್ ಭಾಷೆಗಳ ಪದವೇ ‘ಪೆಕಾನ್’ ಎಂಬ ಹೆಸರಿಗೆ ಮೂಲ.

1528ರಲ್ಲಿ ಟೆಕ್ಸಾಸಿನ ಕರಾವಳಿಯಲ್ಲಿ ಹಡಗು ಒಡೆದು ದಡ ಸೇರಿದ ಕಬೇಸ ದೆ ವಾಕ ಎಂಬ ಸ್ಪೇನ್ ದೇಶದವನು ಹಲವು ವರ್ಷ ಮೂಲನಿವಾಸಿಗಳ ನಡುವೆ ಬಾಳಿದನು. 1542ರಲ್ಲಿ ಪ್ರಕಟವಾದ ಅವನ ವೃತ್ತಾಂತದಲ್ಲಿ, ಆ ಜನರು ಕಾಯಿಯ ಕಾಲದಲ್ಲಿ ನದಿಯ ದಡಕ್ಕೆ ಬಂದು ಸೇರುತ್ತಿದ್ದರೆಂದೂ, ವರ್ಷದಲ್ಲಿ ಎರಡು ತಿಂಗಳು ಆ ಬೀಜಗಳೇ ಅವರ ಆಹಾರವೆಂದೂ, ಮರಗಳು ಒಂದು ವರ್ಷ ಕಾಯಿ ಬಿಟ್ಟರೆ ಮತ್ತೊಂದು ವರ್ಷ ಬಿಡುವುದಿಲ್ಲವೆಂದೂ ಬರೆದಿದ್ದಾನೆ. ಒಂದು ವರ್ಷ ತುಂಬು ಫಸಲು, ಮರುವರ್ಷ ಬಡ ಫಸಲು ಎಂಬ ಈ ಸ್ವಭಾವ ಇಂದಿನ ತೋಟಗಾರರನ್ನೂ ಕಾಡುತ್ತಿದೆ.

ಬೀಜದಿಂದ ಬೆಳೆದ ಪೆಕಾನ್ ಮರವು ತಾಯಿಮರವನ್ನೇ ಹೋಲುವುದೆಂಬ ನೆಚ್ಚಿಗೆಯಿಲ್ಲ. ನಮ್ಮ ಮಾವಿನ ವಿಷಯದಲ್ಲಿಯೂ ಹೀಗೆಯೇ. ಆದುದರಿಂದ ಒಳ್ಳೆಯ ಕಾಯಿಯ ಮರವನ್ನು ಕಸಿಯಿಂದಲೇ ಹೆಚ್ಚಿಸಬೇಕು. ಲೂಯಿಸಿಯಾನದ ‘ಓಕ್ ಆಲಿ’ ಎಂಬ ತೋಟದಲ್ಲಿ 1846–47ರ ಚಳಿಗಾಲದಲ್ಲಿ 16 ಪೆಕಾನ್ ಮರಗಳಿಗೆ ಮೊದಲಬಾರಿಗೆ ಯಶಸ್ವಿಯಾಗಿ ಕಸಿಮಾಡಿದವನು ಒಬ್ಬ ಗುಲಾಮ ತೋಟಗಾರ. ಆಂಟ್ವಾನ್ ಎಂಬ ಒಂದೇ ಹೆಸರಿನಿಂದ ಅವನು ಚರಿತ್ರೆಗೆ ಪರಿಚಿತನಾಗಿದ್ದಾನೆ. ಅವನು ಬೆಳೆಸಿದ ತಳಿಯ ಕಾಯಿಗಳು 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ಪಡೆದವು; ಆ ತಳಿಗೆ ‘ಸೆಂಟೆನಿಯಲ್’ ಎಂಬ ಹೆಸರು ಬಂದಿತು. ಇಂದು ಜಗತ್ತಿನ ಪೆಕಾನ್ ಬೆಳೆಯ ಬಹುಭಾಗವು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಮೆಕ್ಸಿಕೋ ದೇಶಗಳಿಂದಲೇ ಬರುತ್ತದೆ.

ತಿರುಳಿನಲ್ಲಿ ಏನಿದೆ?

ಕಾಯಿಯ ಗಟ್ಟಿಯಾದ ಓಡನ್ನು ಒಡೆದರೆ ಒಳಗೆ ಕಂದುಬಣ್ಣದ ತೆಳುವಾದ ಪೊರೆಯುಳ್ಳ, ಎರಡು ಹೋಳುಗಳ ತಿರುಳು ಕಾಣುತ್ತದೆ. ಸುಮಾರು 20 ಹೋಳುಗಳು ಸೇರಿದರೆ 28 ಗ್ರಾಂ ತೂಗುತ್ತವೆ. ಇದು ಒಂದು ಹಿಡಿ. 100 ಗ್ರಾಂ ತಿರುಳಿನಲ್ಲಿ 72 ಗ್ರಾಂ ಕೊಬ್ಬು, ಸುಮಾರು 9 ಗ್ರಾಂ ಪ್ರೋಟೀನು, 14 ಗ್ರಾಂ ಶರ್ಕರಪಿಷ್ಟಾದಿಗಳು ಇವೆ. ಈ 14 ಗ್ರಾಮಿನಲ್ಲಿ ಸುಮಾರು ಒಂಬತ್ತೂವರೆ ಗ್ರಾಂ ಜೀರ್ಣವಾಗದ ನಾರೇ ಆಗಿರುವುದರಿಂದ, ಈ ಬೀಜವನ್ನು ತಿಂದಾಗ ರಕ್ತದ ಸಕ್ಕರೆ ಥಟ್ಟನೆ ಏರುವುದಿಲ್ಲ. ಒಂದು ಹಿಡಿ ಪೆಕಾನಿನಲ್ಲಿರುವ ಮ್ಯಾಂಗನೀಸ್, ಬೆಳೆದ ಮನುಷ್ಯನಿಗೆ ಒಂದು ದಿನಕ್ಕೆ ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು. ತಾಮ್ರ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಸತು, ಮೆಗ್ನೀಸಿಯಂ, ಥಯಮಿನ್ ಎಂಬ ಬಿ ಜೀವಸತ್ವ, ಇವೂ ಗಮನಾರ್ಹವಾದ ಪ್ರಮಾಣದಲ್ಲಿವೆ. ಉಪ್ಪು ಬೆರಸದ ಪೆಕಾನಿನಲ್ಲಿ ಸೋಡಿಯಂ ಇಲ್ಲವೆಂದೇ ಹೇಳಬಹುದು.

ಇವೆಲ್ಲವೂ ಒಳ್ಳೆಯವೇ. ಆದರೂ ಈ ಬೀಜದ ಗುಣದೋಷವನ್ನು ನಿರ್ಣಯಿಸತಕ್ಕದ್ದು ಅದರ ಕೊಬ್ಬೇ. ಆ 72 ಗ್ರಾಂ ಕೊಬ್ಬನ್ನು ಬಿಡಿಸಿ ನೋಡಿದರೆ ಸುಮಾರು 41 ಗ್ರಾಂ ಏಕ-ಅಪರ್ಯಾಪ್ತ ಜಾತಿಯದು, 22 ಗ್ರಾಂ ಬಹು-ಅಪರ್ಯಾಪ್ತ ಜಾತಿಯದು, ಪರ್ಯಾಪ್ತ ಜಾತಿಯದು ಕೇವಲ 6 ಗ್ರಾಂ. ಈ ಹೆಸರುಗಳ ಅರ್ಥವನ್ನು ತಿಳಿದರೆ ನಮ್ಮ ಸಮಸ್ಯೆಯ ಅರ್ಧ ಬಿಡಿಸಿದಂತೆ.

ಎರಡು ಜಲಜನಕ ಪರಮಾಣುಗಳ ವ್ಯತ್ಯಾಸ

ಕೊಬ್ಬಿನ ಆಮ್ಲದ ಅಣುವು ಇಂಗಾಲದ ಪರಮಾಣುಗಳ ಒಂದು ಉದ್ದನೆಯ ಸರಪಣಿ. ಪ್ರತಿಯೊಂದು ಇಂಗಾಲವೂ ತಾನು ಹಿಡಿಯಬಹುದಾದಷ್ಟು ಜಲಜನಕವನ್ನು ಹಿಡಿದಿದ್ದರೆ ಅದು ಪರ್ಯಾಪ್ತ ಆಮ್ಲ. ಸರಪಣಿಯ ಒಂದೆಡೆಯಲ್ಲಿ ನೆರೆಯ ಎರಡು ಇಂಗಾಲಗಳು ಒಂದೊಂದು ಜಲಜನಕವನ್ನು ಬಿಟ್ಟುಕೊಟ್ಟು ತಮ್ಮೊಳಗೆ ದ್ವಿಬಂಧವನ್ನು ಮಾಡಿಕೊಂಡಿದ್ದರೆ ಅದು ಏಕ-ಅಪರ್ಯಾಪ್ತ. ಇಂಥ ಎಡೆಗಳು ಒಂದಕ್ಕಿಂತ ಹೆಚ್ಚಾಗಿದ್ದರೆ ಬಹು-ಅಪರ್ಯಾಪ್ತ.

ಸ್ಟಿಯರಿಕ್ ಆಮ್ಲ, ಓಲಿಯಿಕ್ ಆಮ್ಲ ಎರಡರಲ್ಲಿಯೂ 18 ಇಂಗಾಲಗಳಿವೆ. ಎರಡನೆಯದರಲ್ಲಿ ಜಲಜನಕದ ಪರಮಾಣುಗಳು ಎರಡು ಕಡಮೆ, ಅಷ್ಟೇ ವ್ಯತ್ಯಾಸ. ಆದರೂ ಸ್ಟಿಯರಿಕ್ ಆಮ್ಲ ಕರಗುವುದು 69 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಓಲಿಯಿಕ್ ಆಮ್ಲ ಸುಮಾರು 14 ಡಿಗ್ರಿಯಲ್ಲಿಯೇ ದ್ರವವಾಗುತ್ತದೆ. ಇದೇಕೆ? ದ್ವಿಬಂಧವಿರುವ ಎಡೆಯಲ್ಲಿ ಸರಪಣಿಯು ಬಾಗುತ್ತದೆ. ನೇರವಾದ ಸೌದೆಗಳನ್ನು ಒತ್ತಾಗಿ ಒಟ್ಟಬಹುದು. ಸೊಟ್ಟ ಸೌದೆಗಳ ನಡುವೆ ಸಂದು ಉಳಿಯುತ್ತದೆ. ಒತ್ತಾಗಿ ಕೂಡದ ಅಣುಗಳ ಪರಸ್ಪರ ಆಕರ್ಷಣೆಯೂ ಕಡಮೆ. ಅವನ್ನು ಬೇರ್ಪಡಿಸಲು ಬೇಕಾದ ಉಷ್ಣವೂ ಕಡಮೆ. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟಿ ಕೂರುವುದನ್ನೂ, ಅದರ ಪಕ್ಕದ ಕಡಲೆಕಾಯಿ ಎಣ್ಣೆ ನೀರಾಗಿಯೇ ಇರುವುದನ್ನೂ ನಾವೆಲ್ಲರೂ ನೋಡಿದ್ದೇವೆ. ಮೊದಲನೆಯದರಲ್ಲಿ ಪರ್ಯಾಪ್ತ ಆಮ್ಲಗಳು ಹೆಚ್ಚು, ಎರಡನೆಯದರಲ್ಲಿ ಅಪರ್ಯಾಪ್ತ ಆಮ್ಲಗಳು ಹೆಚ್ಚು. ಪೆಕಾನಿನ ಕೊಬ್ಬಿನಲ್ಲಿ ಅರ್ಧಕ್ಕೂ ಮಿಕ್ಕ ಭಾಗ ಓಲಿಯಿಕ್ ಆಮ್ಲವೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಕೊಡಬಾರದು. ತುಪ್ಪವು ಬಟ್ಟಲಿನಲ್ಲಿ ಗಟ್ಟಿಯಾಗುವಂತೆ ರಕ್ತನಾಳದಲ್ಲಿಯೂ ಗಟ್ಟಿಯಾಗಿ ಕೂರುತ್ತದೆ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ದೇಹದ ಉಷ್ಣತೆ 37 ಡಿಗ್ರಿ. ತುಪ್ಪವು ಅಲ್ಲಿ ಕರಗಿಯೇ ಇರುತ್ತದೆ. ಅಲ್ಲದೆ, ತಿಂದ ಕೊಬ್ಬು ಹಾಗೆಯೇ ರಕ್ತಕ್ಕೆ ಇಳಿಯುವುದೂ ಇಲ್ಲ. ಪರ್ಯಾಪ್ತ ಕೊಬ್ಬಿನ ಕೇಡು ಬೇರೊಂದು ದಾರಿಯಿಂದ ಬರುತ್ತದೆ.

ರಕ್ತದಲ್ಲಿ ಕೊಬ್ಬಿನ ಪ್ರಯಾಣ

ಎಣ್ಣೆಯು ನೀರಿನಲ್ಲಿ ಬೆರೆಯದು. ರಕ್ತದ ದ್ರವಭಾಗವು ಬಹುಮಟ್ಟಿಗೆ ನೀರೇ. ಆದುದರಿಂದ ಕೊಬ್ಬು ಮತ್ತು ಕೊಲೆಸ್ಟರಾಲುಗಳು ಪ್ರೋಟೀನಿನ ಹೊದಿಕೆಯುಳ್ಳ ಅತಿಸೂಕ್ಷ್ಮವಾದ ಕಣಗಳಾಗಿ ರಕ್ತದಲ್ಲಿ ಸಂಚರಿಸುತ್ತವೆ. ಈ ಕಣಗಳಲ್ಲಿ ಬಗೆಗಳುಂಟೆಂಬುದನ್ನು ಸ್ಪಷ್ಟಪಡಿಸಿದ ಕೀರ್ತಿಯಲ್ಲಿ ಭೌತವಿಜ್ಞಾನದ ಒಂದು ಉಪಕರಣಕ್ಕೂ ಪಾಲಿದೆ. ಅತಿವೇಗದಿಂದ ತಿರುಗುವ ಕೇಂದ್ರಾಪಗಾಮಿ ಯಂತ್ರದಲ್ಲಿ ರಕ್ತದ ದ್ರವವನ್ನಿಟ್ಟು, ಕಣಗಳನ್ನು ಅವುಗಳ ಸಾಂದ್ರತೆಗೆ ತಕ್ಕಂತೆ ಬೇರ್ಪಡಿಸುವ ಕೆಲಸವನ್ನು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಜಾನ್ ಗಾಫ್‌ಮನ್ ಮತ್ತು ಅವರ ಸಂಗಡಿಗರು ಕೈಕೊಂಡು 1950ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಘನ ಸೆಂಟಿಮೀಟರಿಗೆ 1.063 ಗ್ರಾಂ ಸಾಂದ್ರತೆಯ ಉಪ್ಪಿನ ದ್ರಾವಣದಲ್ಲಿ ತೇಲುವಂಥವು ಅಲ್ಪಸಾಂದ್ರ ಕಣಗಳು. ಮುಳುಗುವಂಥವು ಅಧಿಕಸಾಂದ್ರ ಕಣಗಳು. ವೈದ್ಯರ ಪರೀಕ್ಷಾಪತ್ರಗಳಲ್ಲಿ ಕಾಣುವ ‘ಎಲ್‌ಡಿಎಲ್’, ‘ಎಚ್‌ಡಿಎಲ್’ ಎಂಬ ಅಕ್ಷರಗಳು ಈ ಸಾಂದ್ರತೆಯ ಭೇದವನ್ನೇ ಸೂಚಿಸುತ್ತವೆ.

ಅಲ್ಪಸಾಂದ್ರ ಕಣಗಳು ರಕ್ತದಲ್ಲಿ ಹೆಚ್ಚಾಗಿ ಬಹುಕಾಲ ಉಳಿದರೆ ಅಪಧಮನಿಗಳ ಗೋಡೆಯೊಳಕ್ಕೆ ನುಸುಳಿ ಅಲ್ಲಿ ಕೊಲೆಸ್ಟರಾಲನ್ನು ಶೇಖರಿಸುತ್ತವೆ. ವರ್ಷಗಳು ಕಳೆದಂತೆ ಗೋಡೆಯು ದಪ್ಪವಾಗಿ ನಾಳವು ಕಿರಿದಾಗುತ್ತದೆ. ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ನಾಳದಲ್ಲಿ ಇಂಥ ದಪ್ಪವಾದ ಎಡೆ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವಾಗುತ್ತದೆ.

ಈ ಕಣಗಳನ್ನು ರಕ್ತದಿಂದ ತೆಗೆದುಹಾಕುವ ಮುಖ್ಯ ಅಂಗ ಪಿತ್ತಜನಕಾಂಗ. ಅದರ ಕೋಶಗಳ ಮೇಲೆ ಅಲ್ಪಸಾಂದ್ರ ಕಣಗಳನ್ನು ಹಿಡಿದು ಒಳಕ್ಕೆಳೆಯುವ ಗ್ರಾಹಕಗಳಿವೆ. ಇವನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಎಂಬ ಅಮೆರಿಕದ ವೈದ್ಯವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆಹಾರದಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚಾದರೆ ಈ ಗ್ರಾಹಕಗಳ ಕೆಲಸ ಕುಗ್ಗಿ ಕಣಗಳು ರಕ್ತದಲ್ಲಿಯೇ ಉಳಿಯುತ್ತವೆ. ಅದರ ಸ್ಥಾನದಲ್ಲಿ ಅಪರ್ಯಾಪ್ತ ಕೊಬ್ಬು ಬಂದರೆ ಗ್ರಾಹಕಗಳು ಮತ್ತೆ ಚುರುಕಾಗುತ್ತವೆ. ಇದರ ಜೊತೆಗೆ ಪೆಕಾನಿನಲ್ಲಿ ಸಸ್ಯಸ್ಟೆರಾಲ್‌ಗಳೆಂಬ, ಕೊಲೆಸ್ಟರಾಲನ್ನೇ ಹೋಲುವ ದ್ರವ್ಯಗಳೂ ಇವೆ. ಕರುಳಿನಲ್ಲಿ ಇವು ಕೊಲೆಸ್ಟರಾಲಿನ ಜಾಗಕ್ಕೆ ಪೈಪೋಟಿ ಮಾಡಿ, ಅದು ರಕ್ತಕ್ಕೆ ಹೀರಲ್ಪಡುವುದನ್ನು ತಡೆಯುತ್ತವೆ.

ಹೀಗೆ ನಮ್ಮ ಮೊದಲಿನ ವಿರೋಧವು ಸಡಿಲುತ್ತದೆ. ವೈದ್ಯರ ಮಾತಿನಲ್ಲಿ ‘ಕೊಬ್ಬು’ ಎಂಬ ಒಂದು ಪದದೊಳಗೆ ಬೇರೆಬೇರೆ ನಡೆಯ ದ್ರವ್ಯಗಳು ಅಡಗಿದ್ದವು. ನಮಗೆ ವಿರೋಧ ತೋರಿದ್ದು ಅದರಿಂದಲೇ.

ಪ್ರಯೋಗಗಳ ಸಾಕ್ಷ್ಯ

ತರ್ಕವು ಎಷ್ಟೇ ಸೊಗಸಾಗಿದ್ದರೂ ಪ್ರಯೋಗದ ಒರೆಗಲ್ಲಿಗೆ ಹಚ್ಚದೆ ವಿಜ್ಞಾನವು ಅದನ್ನು ಒಪ್ಪದು. ಕ್ಯಾಲಿಫೋರ್ನಿಯದ ಲೋಮ ಲಿಂಡ ವಿಶ್ವವಿದ್ಯಾನಿಲಯದವರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೋಡೋಣ. 23 ಮಂದಿ ಸ್ತ್ರೀಪುರುಷರಿಗೆ ನಾಲ್ಕು ವಾರ, ಹೃದಯದ ಹಿತಕ್ಕಾಗಿ ಶಿಫಾರಸಾಗಿದ್ದ ಮಿತಕೊಬ್ಬಿನ ಆಹಾರವನ್ನು ಕೊಟ್ಟರು. ಇನ್ನು ನಾಲ್ಕು ವಾರ, ಅದೇ ಆಹಾರದಲ್ಲಿ ಐದನೆಯ ಒಂದು ಭಾಗದ ಶಕ್ತಿಯು ಪೆಕಾನಿನಿಂದ ದೊರೆಯುವಂತೆ ಇತರ ಪದಾರ್ಥಗಳನ್ನು ಕಡಮೆಮಾಡಿ ಕೊಟ್ಟರು. ಒಬ್ಬನೇ ಮನುಷ್ಯನು ಎರಡೂ ಆಹಾರಗಳನ್ನು ಉಂಡದ್ದರಿಂದ ಅವನನ್ನು ಅವನೊಡನೆಯೇ ಹೋಲಿಸಲು ಸಾಧ್ಯವಾಯಿತು. ಪೆಕಾನ್ ಸೇರಿದ ಆಹಾರದಲ್ಲಿ ಒಟ್ಟು ಕೊಬ್ಬು ಹೆಚ್ಚಾಗಿದ್ದರೂ ಅಲ್ಪಸಾಂದ್ರ ಕೊಲೆಸ್ಟರಾಲು ಮಿತಕೊಬ್ಬಿನ ಆಹಾರದಲ್ಲಿದ್ದುದಕ್ಕಿಂತ ನೂರಕ್ಕೆ 10ರಷ್ಟು ಕಡಮೆಯಾಗಿತ್ತು.

ಜಾರ್ಜಿಯ ವಿಶ್ವವಿದ್ಯಾನಿಲಯದವರು 2021ರಲ್ಲಿ ಇನ್ನೊಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಹೃದ್ರೋಗದ ಸಂಭವ ಹೆಚ್ಚಾಗಿದ್ದ ಜನರಲ್ಲಿ ಕೆಲವರು ಎಂಟು ವಾರ ದಿನಕ್ಕೆ 68 ಗ್ರಾಂ ಪೆಕಾನನ್ನು ತಮ್ಮ ವಾಡಿಕೆಯ ಊಟದ ಮೇಲೆ ಹೆಚ್ಚಿಗೆಯಾಗಿ ತಿಂದರು. ಕೆಲವರು ಅಷ್ಟೇ ಶಕ್ತಿಯ ಬೇರೆ ಆಹಾರವನ್ನು ಬಿಟ್ಟು ಅದರ ಬದಲು ತಿಂದರು. ಉಳಿದವರು ತಿನ್ನಲೇ ಇಲ್ಲ. ತಿಂದ ಎರಡು ತಂಡಗಳಲ್ಲಿಯೂ ಅಲ್ಪಸಾಂದ್ರ ಕೊಲೆಸ್ಟರಾಲು ಇಳಿಯಿತು.

ಇವು ರಕ್ತದ ಒಂದು ಅಳತೆಯನ್ನು ಕುರಿತ ಪ್ರಯೋಗಗಳು. ಹೃದಯಾಘಾತವೇ ಕಡಮೆಯಾಗುತ್ತದೆಯೆ? ಕ್ಯಾಲಿಫೋರ್ನಿಯದ 31,208 ಮಂದಿ ಅಡ್ವೆಂಟಿಸ್ಟ್ ಪಂಥದವರನ್ನು ಹಲವು ವರ್ಷ ಗಮನಿಸಿ 1992ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಾರಕ್ಕೆ ನಾಲ್ಕು ಬಾರಿಗಿಂತ ಹೆಚ್ಚಾಗಿ ಬಾದಾಮಿ, ಅಕ್ರೋಟು, ಕಡಲೆಕಾಯಿ ಮುಂತಾದ ಬೀಜಗಳನ್ನು ತಿನ್ನುತ್ತಿದ್ದವರಲ್ಲಿ, ವಾರಕ್ಕೊಮ್ಮೆಯೂ ತಿನ್ನದವರಿಗಿಂತ ಹೃದಯಾಘಾತಗಳು ಸುಮಾರು ಅರ್ಧದಷ್ಟೇ ಇದ್ದವು. ಆದರೆ ಇದು ಪ್ರಯೋಗವಲ್ಲ, ವೀಕ್ಷಣೆ. ಬೀಜಗಳನ್ನು ತಿನ್ನುವ ಅಭ್ಯಾಸವುಳ್ಳವರು ಇತರ ವಿಷಯಗಳಲ್ಲಿಯೂ ಆರೋಗ್ಯದ ಕಡೆಗೆ ಹೆಚ್ಚು ಲಕ್ಷ್ಯ ಕೊಡುವವರಾಗಿರಬಹುದು. ಅಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಂಶಯದ ಒಂದು ಎಳೆ ಉಳಿದೇ ಇರುತ್ತದೆ. ಪೆಕಾನ್ ಪ್ರಯೋಗಗಳಲ್ಲಿ ಹಲವಕ್ಕೆ ಧನಸಹಾಯವಿತ್ತವರು ಪೆಕಾನ್ ಬೆಳೆಯುವವರ ಅಥವಾ ಮಾರುವವರ ಸಂಘಗಳು ಎಂಬುದನ್ನೂ ವಾಚಕರು ಮರೆಯಬಾರದು. ಇಷ್ಟರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲ. ಆದರೆ ಅದನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2003ರಲ್ಲಿ ಈ ವಿಷಯವನ್ನು ತೂಗಿನೋಡಿ ಮಾರಾಟಗಾರರಿಗೆ ಕೊಟ್ಟ ಅನುಮತಿಯೂ ಇದೇ ಎಚ್ಚರದಿಂದ ಕೂಡಿದೆ. ಪರ್ಯಾಪ್ತ ಕೊಬ್ಬು ಮತ್ತು ಕೊಲೆಸ್ಟರಾಲು ಕಡಮೆಯಿರುವ ಆಹಾರದ ಅಂಗವಾಗಿ ದಿನಕ್ಕೆ ಸುಮಾರು 42 ಗ್ರಾಂ ಬೀಜಗಳನ್ನು ತಿಂದರೆ ಹೃದ್ರೋಗದ ಸಂಭವ ಕಡಮೆಯಾಗಬಹುದೆಂದು ಸಾಕ್ಷ್ಯವು ಸೂಚಿಸುತ್ತದೆ, ಆದರೆ ಸಿದ್ಧಪಡಿಸುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಪೆಕಾನ್ ಆ ಬೀಜಗಳ ಪಟ್ಟಿಯಲ್ಲಿ ಒಂದು.

ಕ್ಯಾಲೊರಿಯ ಲೆಕ್ಕ

ಇನ್ನು ಎರಡನೆಯ ಆಕ್ಷೇಪಣೆ: ಇಷ್ಟು ಕೊಬ್ಬನ್ನು ತಿಂದರೆ ಮೈ ಬೆಳೆಯದೆ? ಒಂದು ಹಿಡಿ ಪೆಕಾನಿನ ಆಹಾರಶಕ್ತಿ 196 ಕ್ಯಾಲೊರಿಯೆಂದು ಪಟ್ಟಿಗಳು ಹೇಳುತ್ತವೆ. ಆಹಾರದ ಒಂದು ಕ್ಯಾಲೊರಿ ಎಂದರೆ ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸುವಷ್ಟು ಉಷ್ಣ. ಅಂದಮೇಲೆ ಈ ಒಂದು ಹಿಡಿ ಬೀಜದ ಶಕ್ತಿಯನ್ನು ಸ್ವಲ್ಪವೂ ಪೋಲಾಗದಂತೆ ಬಳಸಿದರೆ 25 ಡಿಗ್ರಿಯಲ್ಲಿರುವ ಎರಡೂವರೆ ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇದು ಸಣ್ಣ ಶಕ್ತಿಯಲ್ಲ.

ಆದರೆ ಈ ಪಟ್ಟಿಗಳ ಮೂಲವನ್ನು ಅರಿಯಬೇಕು. ಕೊಬ್ಬಿಗೆ ಗ್ರಾಮಿಗೆ 9, ಪ್ರೋಟೀನಿಗೂ ಶರ್ಕರಪಿಷ್ಟಕ್ಕೂ 4 ಕ್ಯಾಲೊರಿ ಎಂಬ ಸುಪ್ರಸಿದ್ಧ ಅಂಕಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ನಿರ್ಣಯಿಸಿದರು. ಅವು ಮಿಶ್ರಾಹಾರದ ಸರಾಸರಿಗಳು. ಬೀಜಗಳ ಕೊಬ್ಬಾದರೋ ಗಟ್ಟಿಯಾದ ಗೋಡೆಯುಳ್ಳ ಸಸ್ಯಕೋಶಗಳೊಳಗೆ ಇರುತ್ತದೆ. ನಾವು ಎಷ್ಟು ಅಗಿದರೂ ಎಲ್ಲ ಕೋಶಗಳೂ ಒಡೆಯುವುದಿಲ್ಲ. ಒಡೆಯದ ಕೋಶದ ಕೊಬ್ಬು ಜೀರ್ಣವಾಗದೆ ಹೊರಬೀಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಇದನ್ನು ಮನುಷ್ಯರಲ್ಲಿಯೇ ಅಳೆದಿದ್ದಾರೆ. 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ದಕ್ಕುವುದು ಲೆಕ್ಕದ ಸುಮಾರು 170 ಕ್ಯಾಲೊರಿಯಲ್ಲ, 129 ಮಾತ್ರ ಎಂದು 2012ರಲ್ಲಿಯೂ, ಅಷ್ಟೇ ಅಕ್ರೋಟಿನಿಂದ 185ರ ಬದಲು 146 ಎಂದು 2016ರಲ್ಲಿಯೂ ಪ್ರಕಟಿಸಿದರು. ಅಕ್ರೋಟು ಪೆಕಾನಿನ ಹತ್ತಿರದ ನಂಟ. ಮೇಲಾಗಿ ನಾರು, ಪ್ರೋಟೀನು, ಕೊಬ್ಬು ಮೂರೂ ಕೂಡಿರುವ ಬೀಜವನ್ನು ತಿಂದರೆ ಹಸಿವು ಬೇಗ ಮರುಕಳಿಸುವುದಿಲ್ಲ. ಹಾಗೆಂದು ಲೆಕ್ಕವನ್ನೇ ಮರೆತು ಬಟ್ಟಲುಗಟ್ಟಲೆ ತಿಂದರೆ ಮೈ ಬೆಳೆಯದೆ ಇರದು. ಶಕ್ತಿಯ ನಿತ್ಯತ್ವ ನಿಯಮಕ್ಕೆ ದೇಹವೂ ಹೊರತಲ್ಲ.

ಪ್ರನಾಳದ ಅಳತೆಯೂ ದೇಹದ ಅಳತೆಯೂ

ಪೆಕಾನನ್ನು ಹೊಗಳುವವರು ಹೇಳುವ ಇನ್ನೊಂದು ಮಾತುಂಟು. ಆಮ್ಲಜನಕದ ಉಗ್ರಕಣಗಳನ್ನು ಶಮನಗೊಳಿಸುವ ದ್ರವ್ಯಗಳು ಎಲ್ಲ ಬೀಜಗಳಿಗಿಂತ ಇದರಲ್ಲಿ ಹೆಚ್ಚು ಎಂಬುದು ಆ ಮಾತು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಆಹಾರಗಳ ಈ ಶಕ್ತಿಯನ್ನು ಪ್ರನಾಳದಲ್ಲಿ ಅಳೆದಾಗ ಬೀಜಗಳಲ್ಲಿ ಪೆಕಾನೇ ಮೊದಲನೆಯದಾಯಿತೆಂಬುದು ನಿಜ. ತಿರುಳಿನ ಕಂದು ಪೊರೆಯ ಒಗರು ದ್ರವ್ಯಗಳು ಇದಕ್ಕೆ ಮುಖ್ಯ ಕಾರಣ. ಆದರೆ ಪ್ರನಾಳದಲ್ಲಿ ಕಂಡ ಗುಣ ದೇಹದಲ್ಲಿಯೂ ಕಾಣಬೇಕೆಂಬ ನಿಯಮವಿಲ್ಲ. ಈ ದ್ರವ್ಯಗಳಲ್ಲಿ ಸ್ವಲ್ಪಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಸೇರಿದುದೂ ರೂಪಾಂತರ ಹೊಂದುತ್ತದೆ. ಇಂಥ ಅಂಕಗಳು ಜಾಹೀರಾತುಗಳಲ್ಲಿ ದುರುಪಯೋಗವಾಗುತ್ತಿದ್ದುದನ್ನು ಕಂಡು ಅಮೆರಿಕದ ಕೃಷಿ ಇಲಾಖೆಯು 2012ರಲ್ಲಿ ತಾನೇ ಪ್ರಕಟಿಸಿದ್ದ ಪಟ್ಟಿಯನ್ನು ಹಿಂತೆಗೆದುಕೊಂಡಿತು. ನಿಖರವಾಗಿ ಅಳೆಯುವುದು ಒಂದು, ಅಳೆದದ್ದರ ಅರ್ಥವನ್ನು ಅರಿಯುವುದು ಇನ್ನೊಂದು. ವಿಜ್ಞಾನದ ವಿದ್ಯಾರ್ಥಿಯು ಈ ಭೇದವನ್ನು ಯಾವಾಗಲೂ ನೆನಪಿನಲ್ಲಿಡಬೇಕು.

ತಿನ್ನುವವರಿಗೆ ಕೆಲವು ಮಾತು

ಅಪರ್ಯಾಪ್ತ ಕೊಬ್ಬಿನ ದ್ವಿಬಂಧಗಳು ಹೃದಯಕ್ಕೆ ಹಿತವಾದರೂ ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ತುತ್ತಾಗುತ್ತವೆ. ಓಡು ಬಿಡಿಸಿದ ಪೆಕಾನ್ ಬೇಗ ಕಮಟು ಹಿಡಿಯುವುದು ಇದರಿಂದಲೇ. ಉಷ್ಣತೆ 10 ಡಿಗ್ರಿ ಇಳಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಅರ್ಧಕ್ಕಿಳಿಯುವುದರಿಂದ, ಗಾಳಿ ತಾಗದ ಡಬ್ಬಿಯಲ್ಲಿ, ತಂಪಾದ ಎಡೆಯಲ್ಲಿ ಅದನ್ನು ಇಡುವುದು ಲೇಸು. ಸಕ್ಕರೆಯ ಪಾಕದಲ್ಲಿ ಅದ್ದಿದ, ಉಪ್ಪು ಹಚ್ಚಿದ ಅಥವಾ ಬೆಣ್ಣೆ ಸಕ್ಕರೆಗಳೊಡನೆ ಬೇಯಿಸಿ ಕಡುಬಾಗಿ ಮಾಡಿದ ಪೆಕಾನಿಗೆ ಮೇಲೆ ಹೇಳಿದ ಮಾತುಗಳು ಅನ್ವಯಿಸುವುದಿಲ್ಲ. ಇಂಥ ಬೀಜಗಳು ಒಗ್ಗದ ಕೆಲವರಿಗೆ ಒಂದು ಚೂರಿನಿಂದಲೂ ಪ್ರಾಣಾಪಾಯವಾಗಬಹುದು. ಅವರು ಅದನ್ನು ಮುಟ್ಟಲೇಬಾರದು. ಎಳೆಯ ಮಕ್ಕಳಿಗೆ ಇಡೀ ಬೀಜವನ್ನು ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು. ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಬೀಜವನ್ನು ನಂಬುವುದಂತೂ ಅವಿವೇಕ.

ಪೆಕಾನ್ ನಮ್ಮ ನಾಡಿನ ಬೆಳೆಯಲ್ಲ. ದೂರದಿಂದ ಬರುವ, ಬೆಲೆ ಹೆಚ್ಚಾದ ಪದಾರ್ಥ. ಅದನ್ನು ಕೊಳ್ಳಲಾರೆವೆಂದು ಯಾರೂ ಕೊರಗಬೇಕಾಗಿಲ್ಲ. ಮೇಲೆ ವಿವರಿಸಿದ ತತ್ತ್ವವು ಒಂದು ಮರಕ್ಕೆ ಮೀಸಲಾದುದಲ್ಲ. ಚಿತ್ರದುರ್ಗದ ಬಯಲಿನಲ್ಲಿ ಬೆಳೆಯುವ ಕಡಲೆಕಾಯಿಯನ್ನೇ ತೆಗೆದುಕೊಳ್ಳಿ. 100 ಗ್ರಾಮಿನಲ್ಲಿ ಸುಮಾರು 49 ಗ್ರಾಂ ಕೊಬ್ಬು. ಅದರಲ್ಲಿಯೂ ಅರ್ಧದಷ್ಟು ಏಕ-ಅಪರ್ಯಾಪ್ತವೇ. ಪ್ರೋಟೀನಾದರೋ 26 ಗ್ರಾಂ, ಎಂದರೆ ಪೆಕಾನಿನ ಎರಡೂವರೆ ಪಟ್ಟಿಗೂ ಹೆಚ್ಚು. ಬೂಷ್ಟು ಹಿಡಿಯದ, ಚೆನ್ನಾಗಿ ಒಣಗಿದ ಕಾಯನ್ನು ಆರಿಸಿಕೊಂಡರೆ ಸಾಕು. ಸಂಜೆಯ ಹೊತ್ತು ಕರಿದ ತಿಂಡಿಯ ಬದಲು ಒಂದು ಹಿಡಿ ಬೀಜವನ್ನು ತಿನ್ನುವವನಿಗೆ, ಅದು ಪೆಕಾನಾಗಲಿ ಕಡಲೆಕಾಯಾಗಲಿ, ಲಾಭವು ಎರಡು ಕಡೆಯಿಂದ ಬರುತ್ತದೆ: ಬಿಟ್ಟದ್ದರಿಂದ ಒಂದು, ತಿಂದದ್ದರಿಂದ ಒಂದು. ಈ ‘ಬದಲು’ ಎಂಬ ಮಾತನ್ನು ಮರೆತು, ಕರಿದ ತಿಂಡಿಯ ಮೇಲೆ ಬೀಜವನ್ನೂ ತಿಂದು, ಹೃದಯಕ್ಕೆ ಉಪಕಾರ ಮಾಡಿದೆನೆಂದು ತಿಳಿಯುವವನು ತನ್ನನ್ನು ತಾನೇ ವಂಚಿಸಿಕೊಂಡಂತಾಗುವುದು.